ಪಲ್ಲಕ್ಕಿ ಹೊರಡೋ ಊರು ದೇಹು: ಅಮ್ಮನ ಜೊತೆ ಯಾವ ದಿನ ಹೋದರೆ ಒಳ್ಳೇದು?

ಕೋಟೆನಾಡಿನವ, 11 ಮೇ 2025

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಿಂದ ಬರೀತಿದೀನಿ. ಅಮ್ಮನಿಗೆ ಈಗ ಅರವತ್ತೇಳು. ಅವರು ಹುಟ್ಟಿ ಬೆಳೆದ ಬೀದೀಲಿ ಭಾವಸಾರ ಕ್ಷತ್ರಿಯರ ಮನೆಗಳು ಜಾಸ್ತಿ, ಬೀದಿ ತುದೀಲಿ ಪಾಂಡುರಂಗನ ಗುಡಿ. ದಿಂಡಿ ಉತ್ಸವದಲ್ಲಿ ತಾಳ ಹಿಡಿದು ಕುಣಿಯೋರ ಹಿಂದೆ ಓಡಿ ಬಿದ್ದು ಮಂಡಿ ತರಚಿಕೊಂಡ ಕತೇನ ಇವತ್ತಿಗೂ ಹೇಳ್ತಾರೆ. ನಾವು ಆ ಸಮಾಜದವರಲ್ಲ, ಮನೇಲಿ ಯಾರಿಗೂ ಮರಾಠಿ ಬರಲ್ಲ. ಆದ್ರೂ ಟಿವೀಲಿ "ಗ್ಯಾನಬಾ ತುಕಾರಾಮ್" ಅಂತ ಕೇಳಿಸಿದ್ರೆ ಸೊಪ್ಪು ಬಿಡಿಸ್ತಿರೋ ಕೈ ಹಾಗೇ ನಿಂತುಬಿಡುತ್ತೆ.

ಪಂಢರಪುರಕ್ಕೆ ಅಪ್ಪ ಇದ್ದಾಗಲೇ ಎರಡು ಸಲ ಹೋಗಿ ಬಂದಿದಾರೆ. ಹೋದ ವಾರ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಅಂದ್ರು: "ಪಂಢರಪುರ ಮುಟ್ಟೋ ಊರು ಕಣೋ, ಅದನ್ನ ನೋಡಿದೀನಿ. ಹೊರಡೋ ಊರು ನೋಡಬೇಕು." ಅಂದ್ರೆ ಪುಣೆ ಹತ್ತಿರದ ದೇಹು, ಸಂತ ತುಕಾರಾಮರ ಊರು. ಅವರ ಪಾದುಕೆ ಇಟ್ಟ ಪಲ್ಲಕ್ಕಿ ಪ್ರತಿ ವರ್ಷ ಅಲ್ಲಿಂದ ಪಂಢರಪುರಕ್ಕೆ ಹೋಗುತ್ತೆ. ಈ ಸಲ ಅಲ್ಲಿಂದ ಪಲ್ಲಕ್ಕಿ ಹೊರಡೋದು ಜೂನ್ 18ಕ್ಕೆ ಅಂತ ಗೊತ್ತಾಯ್ತು. ಆಷಾಢ ಏಕಾದಶಿ ಜುಲೈ 6.

ನನ್ನ ಗೊಂದಲ ಇಷ್ಟೆ. ಹೊರಡೋ ದಿನಾನೇ ಹೋಗಬೇಕಾ, ಇಲ್ಲಾ ಬೇರೆ ದಿನ ಆರಾಮಾಗಿ ನೋಡಬೇಕಾ? ಅಮ್ಮನಿಗೆ ಎಡ ಮಂಡಿ ನೋವು. ಸಮತಟ್ಟು ರಸ್ತೇಲಿ ಒಂದು ಕಿಲೋಮೀಟರ್ ನಡೀತಾರೆ, ಮೆಟ್ಟಿಲು ಅಂದ್ರೆ ಮುಖ ಸಣ್ಣದಾಗುತ್ತೆ. ಊರಲ್ಲಿ ನೋಡೋದು ಏನೇನಿದೆ, ಉಳಿಯೋದು ಎಲ್ಲಿ, ಭಾಷೆ ಬರದೆ ಹೇಗೆ? ನಾನು ಸರ್ಕಾರಿ ನೌಕರ, ಐದು ದಿನಕ್ಕಿಂತ ಜಾಸ್ತಿ ರಜ ಸಿಗಲ್ಲ. ಪೂರ್ತಿ ವಾರಿ, ಅಂದ್ರೆ ಪಂಢರಪುರದ ತನಕ ಪಾದಯಾತ್ರೆ, ನಡೆಯೋ ಮಾತಿಲ್ಲ, ಬರೀ ಆ ಊರು ನೋಡಿದ್ರೆ ಸಾಕು. ಹೋಗಿ ಬಂದವರು ದಯವಿಟ್ಟು ಹೇಳಿ.


ದಾರಿಹೋಕ, 11 ಮೇ 2025

ಡ್ರೋನ್ ವಿಡಿಯೊ ಬೇಕಾದಷ್ಟಿದೆ, ದೊಡ್ಡ ಟಿವಿಗೆ ಹಾಕಿ ತೋರಿಸಿ. ಮಂಡಿ ನೋವಿರೋರನ್ನ ಲಕ್ಷಗಟ್ಟಲೆ ಜನರ ಮಧ್ಯೆ ಕರ್ಕೊಂಡು ಹೋಗೋದು ಭಕ್ತಿ ಅಲ್ಲ ಸ್ವಾಮಿ, ಹುಂಬತನ.


ಇಂಡಿ ಲಿಂಬಿ, 12 ಮೇ 2025

ದುರ್ಗದ ಸರ, ಶರಣ್ರಿ. ನಾ ಇಂಡಿ ತಾಲೂಕಿನಾಂವ. ಹೊಟ್ಟಿಪಾಡಿಗೆ ಪಿಂಪ್ರಿ-ಚಿಂಚವಡಕ್ಕ ಬಂದು ಇಪ್ಪತ್ತೆರಡು ವರ್ಷ ಆತು. ಗಾಡಿ ಬಿಡಿಭಾಗ ಮಾಡೂ ಕಾರ್ಖಾನ್ಯಾಗ ಕೆಲಸ, ಮನಿ ಆಕುರ್ಡಿಯೊಳಗ. ದೇಹು ಅಂದ್ರ ನನಗ ಸೈಕಲ್ ಮ್ಯಾಲ ಹೋಗಿ ಬರೂವಷ್ಟು ದೂರ. ಅದಕ್ಕ ಒಂದ್ ಮಾತು ಮೊದಲ ಹೇಳಿಬಿಡ್ತೀನಿ, ಯಾರಿಗರೆ ಸಿಟ್ಟು ಬಂದ್ರ ಬರ್ಲಿ. ದೇಹು ನೋಡೂದಿದ್ರ ಪ್ರಸ್ಥಾನದ ದಿನ, ಅಂದ್ರ ಪಾಲಕಿ ಹೊರಡೂ ದಿನ, ಬರಬ್ಯಾಡ್ರಿ.

ಆ ದಿನ ಅಲ್ಲಿ ಊರು ಕಾಣಂಗಿಲ್ರಿ, ಮುಂದ ನಿಂತವರ ಕುತ್ತಿಗಿ ಕಾಣತಾವ. 2017ರಾಗ ನಾನೂ ಹುರುಪಿಲೆ ನಮ್ಮತ್ತಿನ್ನ ಕರಕೊಂಡು ಹೋಗಿದ್ದೆ. ದೊಡ್ಡ ಗುಡಿ ಮುಂದ ಒಂದ್ ತಳ್ಳು ಬಂತು, ಕೈ ಬಿಟ್ಟಿತು, ಮುಗೀತು. ಮೂರು ತಾಸು ಹುಡುಕೀನ್ರಿ. ಅಲ್ಲಿ ಯಾರನ್ನ ಕರದ್ರೂ "ಮಾವುಲಿ" ಅಂತಾರ. ಗಂಡಸಿರ್ಲಿ, ಹೆಂಗಸಿರ್ಲಿ, ಪೊಲೀಸಿರ್ಲಿ, ಎಲ್ಲಾರೂ ಮಾವುಲಿ, ಅಂದ್ರ ತಾಯಿ. ನಾ "ಮಾವುಲಿ, ನಮ್ಮ ಮುದುಕಿ ಕಳದಾಳ" ಅಂದ್ರ ಹತ್ತು ಮಂದಿ ತಿರುಗಿ ನೋಡಾವ್ರು. ಕಡೀಕ ಎಲ್ಲಿ ಸಿಕ್ಕಳು ಅಂತೀರಿ? ಒಂದು ದಿಂಡಿ (ಭಜನಿ ಮಾಡಕೋತ ಕೂಡಿ ನಡಿಯೂ ಗುಂಪು) ಅಡಿಗಿ ಲಾರಿ ಬಾಜೂಕ ಕುಂತು ಭಾಕ್ರಿ ಬಡೀಲಿಕ್ಕಿ ಹತ್ತಿದ್ಲು. ಸುತ್ತ ನಾಕು ಮರಾಠಿ ಹೆಣಮಕ್ಕಳು ಬಾಯಿ ಮ್ಯಾಲ ಕೈ ಇಟಗೊಂಡು ನೋಡಾಕತ್ತಿದ್ರು. ನಮ್ಮ ಕಡೀ ರೊಟ್ಟಿ ಅಷ್ಟು ತೆಳ್ಳಗ ಬಡೀತಾರ ಅಂತ ಅವ್ರಿಗೆ ಗೊತ್ತಿರಲಿಲ್ಲ. ನನ್ನ ನೋಡಿ ಅತ್ತಿ ಅಂದಿದ್ದು, "ಇನ್ನೊಂದು ಹತ್ತು ಅದಾವ, ಮುಗಿಸಿ ಬರ್ತೀನಿ, ಕುಂದ್ರು." ಆಕೀಗೇನೂ ಆಗಿರಲಿಲ್ಲ, ಜೀವ ಹೋಗಿದ್ದು ನಂದು.

ಅದಕ್ಕ ನೀವು 16 ಇಲ್ಲಾ 17ಕ್ಕ ಬರ್ರಿ. ಆಗ ದಿಂಡಿಗಳು ಒಂದೊಂದ ಬಂದು ಇಳೀತಿರತಾವ. ಲಾರಿ ಮ್ಯಾಲಿಂದ ಹಂಡೆ, ಸಿಲಿಂಡರು, ತಾಡಪತ್ರಿ ಇಳಸೂದು, ಇಂದ್ರಾಯಣಿ ಹೊಳಿ ಘಾಟಿನ್ಯಾಗ ಜಳಕ, ಧೋತ್ರ ಒಣ ಹಾಕೂದು, ಪಖವಾಜಿಗೆ ಕಣಕ ಮೆತ್ತೂದು, ಎಲ್ಲಾ ಕಣ್ಣಿಗೆ ಬೀಳತದ. ನಿಮ್ಮ ಅವ್ವಾರು ಹೊರಡೂ ಊರು ಅಂದಾರಲ್ಲ, ಹೊರಡೂ ತಯಾರಿ ನೋಡಬೇಕ್ರಿ. ಹೊರಟ ಮ್ಯಾಲ ಎಲ್ಲಾ ಊರೂ ಒಂದಽ.

ಊರು ದೊಡ್ಡದಲ್ರಿ, ಈಗ ನಗರ ಪಂಚಾಯತಿ ಆಗೇದ. ನಡುಕ ವಿಠ್ಠಲ-ರುಕ್ಮಿಣಿ ಗುಡಿ. ತುಕಾರಾಮ ಮಹಾರಾಜರಿಗಿಂತ ಎಂಟು ತಲಿ ಹಿಂದಿನ ವಿಶ್ವಂಭರ ಬಾಬಾ ಈ ವಿಠ್ಠಲನ್ನ ಇಲ್ಲಿ ಇಟ್ಟಾಂವ ಅಂತಾರ. ಪ್ರತಿ ವರ್ಷ ಪಂಢರಪುರಕ್ಕ ನಡಿತಿದ್ನಂತ, ವಯಸ್ಸಾದ ಮ್ಯಾಲ ದೇವರಽ ಇವನ ಊರಿಗೆ ಬಂದ ಅನ್ನೂ ಕತಿ. ಅದಽ ಗುಡಿ ಅಂಗಳದಾಗ ಶಿಲಾ ಮಂದಿರ. ಅದಕ್ಕ ಹೊಸಾ ಕಟ್ಟಡ ಕಟ್ಟಿ 2022ರ ಜೂನ್ 14ಕ್ಕ ಪ್ರಧಾನಿ ಬಂದು ಉದ್ಘಾಟನಾ ಮಾಡಿದ್ರು. ಒಳಗ ಇರೂದು ಮಾತ್ರ ಒಂದು ಬಂಡಿಗಲ್ಲು. ಅದರ ಕತಿ ಅವ್ವಾರಿಗೆ ಮನ್ಯಾಗಽ ಹೇಳಿ ಕರಕೊಂಡು ಬರ್ರಿ, ಇಲ್ಲಂದ್ರ ಬರೀ ಕಲ್ಲು ಕಾಣತದ.

ತುಕಾರಾಮರದು ಕಿರಾಣಿ ಅಂಗಡಿ ಮನೆತನ, ಸಾಲಾ ಕೊಡೂ ಮನೆತನಾನೂ ಹೌದು. ದೊಡ್ಡ ಬರಗಾಲ ಬಿದ್ದು ಮೊದಲನೇ ಹೇಂತಿ, ಮಗ ಹೋದ್ರು. ಅದಾದ ಮ್ಯಾಲ ತನ್ನ ಪಾಲಿಗೆ ಬಂದ ಸಾಲದ ಕಾಗದ ಎಲ್ಲಾ ಒಯ್ದು ಇದಽ ಇಂದ್ರಾಯಣಿಯೊಳಗ ಚೆಲ್ಲಿದಾಂವ. ಮುಂದ ಕುಣಬಿ ಜಾತಿ ಮನಷ್ಯಾ ಅಭಂಗ, ಅಂದ್ರ ಮರಾಠಿ ಭಕ್ತಿ ಪದ, ಬರೀಬಾರದು ಅಂತ ಶಾಸ್ತ್ರ ತಿಳದವರು ತಕರಾರು ತಗದು, ಬರದ ವಹಿ ಎಲ್ಲಾ ಅದಽ ಹೊಳಿಗೆ ಹಾಕೂ ಹಂಗ ಆತು. ಆಗ ಈ ಕಲ್ಲಿನ ಮ್ಯಾಲ 13 ದಿನ ಅನ್ನ ನೀರು ಬಿಟ್ಟು ಕುಂತ. ವಹಿ ತೇಲಿ ಬಂದವು. ಸಾಲದ ಕಾಗದ ಒಂದೂ ತೇಲಿ ಬರಲಿಲ್ಲ, ಅದನ್ನ ಯಾರೂ ಹುಡುಕಲೂ ಇಲ್ಲ. ನನಗ ಇದರಾಗ ಎರಡನೇ ಪವಾಡಽ ದೊಡ್ಡದು ಅನಸತದ, ಕಂತು ಕಟ್ಟಾವ ನೋಡ್ರಿ ನಾ.

ಹೊಳಿ ದಂಡಿಗೆ ಸ್ವಲ್ಪ ಮುಂದ ಗಾಥಾ ಮಂದಿರ. ಒಳಗ ಗ್ವಾಡಿ ತುಂಬ ಬಿಳಿ ಕಲ್ಲಿನ ಮ್ಯಾಲ ಅಭಂಗ ಕೆತ್ಯಾರ, ನಾಕು ಸಾವಿರದ ಮ್ಯಾಲ. ಅದರಾಗ ಕನ್ನಡದವರು ಹುಡುಕಬೇಕಾದ್ದು ಒಂದದ. ಕನ್ನಡದಾಕಿ ಮರಾಠಿ ಗಂಡನ್ನ ಮಾಡಿಕೊಂಡ್ಳು, ಒಬ್ಬರ ಮಾತು ಒಬ್ಬರಿಗೆ ತಿಳೀವಲ್ದು. ಆಕಿ "ಇಲ್ ಬಾ" ಅಂತ ಕರದ್ಳು, ಆಂವ ಏನೋ ತಿಳಕೊಂಡು ಓಡೇ ಬಿಟ್ಟ. ದೇವರೇ, ನನಗೂ ನಿನಗೂ ಹಂಗ ಆಗೂದು ಬ್ಯಾಡ, ಸಜ್ಜನರ ಸಂಗ ಕೊಡು ಅಂತ ಬೇಡಿಕೋತಾನ ತುಕಾ. ಆ "ಇಲ್ ಬಾ" ಅನ್ನೂದು ನಮ್ಮ "ಇಲ್ಲಿ ಬಾ"ನಽ ರೀ! 17ನೇ ಶತಮಾನದಾಗ ದೇಹೂದ ಅಂಗಡಿಕಾರನ ಕಿವಿಗೆ ನಮ್ಮ ಮಾತು ಬಿದ್ದಿತ್ತು. ಮೊದಲನೇ ಸಲ ಸಹೋದ್ಯೋಗಿ ಒಬ್ಬ ಓದಿ ಹೇಳಿದಾಗ ನಾ ಒಬ್ಬನಽ ಕ್ಯಾಂಟೀನಿನ್ಯಾಗ ನಕ್ಕೊಂತ ಕುಂತಿದ್ದೆ. ಗ್ವಾಡಿ ಮ್ಯಾಲ ಅದು ಎಲ್ಲೇದ ಅಂತ ನಾಕು ಸಲ ಹುಡುಕೀನಿ, ಇನ್ನಾ ಸಿಕ್ಕಿಲ್ಲ. ಕುತ್ತಿಗಿ ನೋವು ಬರತದ.

ಭಂಡಾರಾ ಡೋಂಗರ ಬಿಡಬ್ಯಾಡ್ರಿ. ಊರಿಂದ ಐದಾರು ಕಿಲೋಮೀಟರು, ಮ್ಯಾಲಿನ ತನಕ ಗಾಡಿ ಹೋಗತದ, ಮಂಡಿ ಚಿಂತಿ ಇಲ್ಲ. ತುಕಾರಾಮರು ಒಬ್ಬರಽ ಕುಂತು ಧ್ಯಾನ ಮಾಡಿದ ಜಾಗ. ಅದಕ್ಕೂ ಹಿಂದಿನ ಬೌದ್ಧರ ಗವಿ ಅದಾವ, ಈಗ ದೊಡ್ಡ ಕಲ್ಲಿನ ಗುಡಿ ಕಟ್ಟಾಕತ್ತಾರ. ಎರಡನೇ ಹೇಂತಿ ಜಿಜಾಬಾಯಿ, ಆವಲಿ ಅಂತಾರ ಆಕೀಗೆ, ಗಂಡಗ ಬುತ್ತಿ ಹೊತ್ತು ಈ ಗುಡ್ಡಾ ಹತ್ತತಿದ್ಳು. ಕಾಲಾಗ ಮುಳ್ಳು ಮುರದಾಗ ವಿಠ್ಠಲನಽ ಬಂದು ತಗದ ಅಂತ ಕತಿ. ಆಕಿ ವಿಠ್ಠಲಗ ದಿನಾ ಬೈತಿದ್ಳು, ಅದೂ ಕತಿಯೊಳಗಽ ಅದ.

ಇನ್ನ ಪಾಲಕಿ ನೋಡೂದು. 18ಕ್ಕ ಮಧ್ಯಾಹ್ನದ ಮ್ಯಾಲ ಪ್ರಸ್ಥಾನ ಅಂದ್ರೂ ಆ ರಾತ್ರಿ ಪಾಲಕಿ ಊರು ಬಿಡಂಗಿಲ್ಲ. ಇನಾಮದಾರ ವಾಡ್ಯಾದಾಗ ಮುಕ್ಕಾಮು. ಊರು ಬಿಡೂದು 19ರ ಮುಂಜಾನಿ. ಬಿಟ್ಟ ಮ್ಯಾಲ ಮೊದಲ ನಿಲ್ಲೂದು ಎಲ್ಲಿ ಗೊತ್ತೇನ್ರಿ? ಅನಗಡಶಹಾ ಬಾಬಾನ ದರ್ಗಾದ ಮುಂದ. ತುಕಾರಾಮರ ಗೆಳೆಯನಾಗಿದ್ದ ಫಕೀರ. ಅಲ್ಲಿ ಅಭಂಗ, ಆರತಿ ಆಗೇ ಮುಂದಿನ ಹಾದಿ. ನೀವು ಅಲ್ಲಿ ಬಂದು ನಿಲ್ರಿ, ಗದ್ದಲಾ ಇರತದ, ಆದ್ರ ಉಸಿರಾಡಬಹುದು. ಸಂಜೀಕ ಪಾಲಕಿ ನಮ್ಮ ಆಕುರ್ಡಿಗಽ ಬರತದ, ಇಲ್ಲೇ ವಸ್ತಿ. ನಮ್ಮ ಬಿಲ್ಡಿಂಗಿನ ವಿಜಾಪುರ ಮಂದಿ ಎಲ್ಲಾ ಕೂಡಿ ಚಹಾ, ಮೊಬೈಲ್ ಚಾರ್ಜಿಂಗಿಗೆ ಒಂದು ಟೇಬಲ್ ಹಾಕತೀವಿ. ಒಂದು ಬೋರ್ಡಿಗೆ ಇಪ್ಪತ್ತು ಚಾರ್ಜರ್. ಬಂದ್ರ ಅವ್ವಾರಿಗೆ ಕುರ್ಚಿ ಗ್ಯಾರಂಟಿ.

ಹಾದಿ: ಹುಬ್ಬಳ್ಳಿಯಿಂದ ಪುಣೆಗೆ ವಾರದಾಗ ಮೂರು ದಿನ ವಂದೇ ಭಾರತ್ ಅದ, ಬೆಳಗಿನ ಜಾವ ಬಿಟ್ಟು ಮಧ್ಯಾಹ್ನ ಮುಟ್ಟತದ. ಪುಣೆಯಿಂದ ಲೋಣಾವಳಾ ಲೋಕಲ್ ಹಿಡದ್ರ ದೇಹು ರೋಡ್ ಸ್ಟೇಷನ್. ಹುಷಾರ್ರಿ, ದೇಹು ರೋಡ್ ಬ್ಯಾರೆ, ದೇಹು ಗಾಂವ್ ಬ್ಯಾರೆ. ಸ್ಟೇಷನ್ನಿನಿಂದ ಆಟೋ ಮಾಡಬೇಕು. ಊರಾಗ ಆ ವಾರ ಖೋಲಿ ಸಿಗೂದಿಲ್ಲ, ಚಿಂಚವಡದಾಗ ಹಿಡೀರಿ. ಭಾಷಾ ಚಿಂತಿ ಬಿಡ್ರಿ, ಹರಕು ಹಿಂದಿ ಸಾಕು. ಉಣ್ಣಾಕ ಪಿಠ್ಲಾ-ಭಾಕ್ರಿ ಕೊಡತಾರ. ನಮ್ಮ ಝುಣಕಾನಽ, ಸ್ವಲ್ಪ ತೆಳ್ಳಗ.


ಕೃಷ್ಣಾತೀರ, 12 ಮೇ 2025

ಲಿಂಬಿ ಅಣ್ಣಾರ, ನಿಮ್ಮ ಅತ್ತಿಯವರ ರೊಟ್ಟಿ ಕತಿ ಓದಿ ನಕ್ಕು ಸಾಕಾತು. ಆದ್ರ ನೀವಽ ಬರದದ್ದನ್ನ ನೀವಽ ಓದರಿ. ಅತ್ತಿಗೆ ಆ ದಿನ ನೆನಪಿರೂದು ಗುಡಿ ಅಲ್ಲ, ಆ ಹೆಣಮಕ್ಕಳು. ಹಂಗಿದ್ದಮ್ಯಾಲ ಪ್ರಸ್ಥಾನದ ದಿನಾ ಬರಬ್ಯಾಡ್ರಿ ಅಂದ್ರ ಹೆಂಗ?

ನಾ ಅಥಣಿ ಕಡೀಯಾಕಿ. ಒಂಬತ್ತು ವಾರಿ ನಡದೇನಿ, ಮೂರು ದೇಹೂದಿಂದ, ಆರು ಸಂತ ಜ್ಞಾನೇಶ್ವರರ ಊರು ಆಳಂದಿಯಿಂದ. ಗದ್ದಲಾ ಹೌದು, ಸುಳ್ಳ ಹೇಳೂದಿಲ್ಲ. ಆದ್ರ ಪಾದುಕಾ ಪಾಲಕ್ಯಾಗ ಇಟ್ಟು ಗುಡಿಯಿಂದ ಹೊರಗ ಬರೂವಾಗ ಒಮ್ಮೆಲೇ ಎಲ್ಲಾ ತಾಳ ಬೀಳ್ತಾವು ನೋಡ್ರಿ, ಆ ಸಪ್ಪಳಾ ಎದೀಗೆ ಬಡೀತೈತಿ. ಅದನ್ನ ಹಿಂದಿನ ದಿನ ಹೋಗಿ ಕೇಳಾಕ ಬರೂದಿಲ್ಲ. ಮನಿಯವರ ತಯಾರಿ ನೋಡಿ ಮದಿವಿ ಬಿಟ್ಟು ಬಂದಂಗ ಆಗತೈತಿ.

ಇನ್ನೊಂದು ಮಾತು ನಮ್ಮ ಕಡೀದು, ಹೇಳದಿದ್ರ ಸಮಾಧಾನ ಇಲ್ಲ. ದೇಹು, ಆಳಂದಿ ಅಂದ್ರ ಮಹಾರಾಷ್ಟ್ರದ್ದು ಅಂತ ಎಲ್ಲಾರೂ ಅಂತಾರು. ಆಳಂದಿ ಜ್ಞಾನೇಶ್ವರ ಮಾವುಲಿ ಪಾಲಕಿ ಮುಂದ ಓಡೂ ಕುದರಿ ಎಲ್ಲೀವು? ನಮ್ಮ ಬೆಳಗಾವಿ ಜಿಲ್ಲಾ ಚಿಕ್ಕೋಡಿ ತಾಲೂಕಿನ ಅಂಕಲಿಯಾವು! ಅಲ್ಲಿಯ ಶಿತೋಳೆ ಸರಕಾರರ ವಾಡೇದಿಂದ ಎರಡು ಕುದರಿ ನಡಕೋತ ಆಳಂದಿಗೆ ಹೋಗತಾವು. ಗಾಡ್ಯಾಗ ಹಾಕಿ ಒಯ್ಯೂದಿಲ್ಲ. ಒಂದರ ಮ್ಯಾಲ ಪತಾಕಿ ಹಿಡದ ಸವಾರ, ಇನ್ನೊಂದರ ಮ್ಯಾಲ ಯಾರೂ ಕುಂದ್ರೂದಿಲ್ಲ, ಅದು ಮಾವುಲಿದು. ನಾ ಸಣ್ಣಾಕಿದ್ದಾಗ ನಮ್ಮಜ್ಜಿ ಆ ಖಾಲಿ ಕುದರಿ ಗೊರಸಿನ ಮಣ್ಣ ಹಣೀಗೆ ಹಚ್ಚತಿದ್ಳು. ಹಂಗ ನೋಡಿದ್ರ ಹೊರಡೂ ಊರು ಅಂಕಲಿನೂ ಹೌದು, ಪಾಸ್‌ಪೋರ್ಟು ಕೇಳಾಂಗಿಲ್ಲ, ಮರಾಠಿನೂ ಬೇಕಾಗಿಲ್ಲ.

ದುರ್ಗದ ತಮ್ಮಾ, ಅವ್ವಾರಿಗೆ ನೀನಽ ಕೇಳು: ಊರು ನೋಡಬೇಕೋ, ಹೊರಡೂದು ನೋಡಬೇಕೋ ಅಂತ. ಹೆಣಮಕ್ಕಳ ಕಡೀಯಿಂದ ಎರಡು ಮಾತು. ಶೌಚಾಲಯದ ಗಾಡಿ ಇರತಾವು, ಆದ್ರ ಪಾಳಿ ಉದ್ದ, ಮುಂಜಾನೆ ರೂಮಿನ್ಯಾಗ ಎಲ್ಲಾ ಮುಗಿಸಿ ಬರ್ರಿ. ನೀರು ಕುಡೀಲಾರದೆ ಕುಂದ್ರಿಸಬ್ಯಾಡ ಮತ್ತ, ವಯಸ್ಸಾದವ್ರು ಅದನ್ನಽ ಮಾಡತಾರು. ಮಡಚೂ ಸ್ಟೂಲ್ ಒಂದು ತಗೋ. ಒಂದು ಚೀಟ್ಯಾಗ ನಿನ್ನ ಹೆಸರು, ಫೋನ್ ನಂಬರ್ ದೇವನಾಗರಿಯೊಳಗ ಬರದು ಸೆರಗಿಗೆ ಪಿನ್ನ ಹಚ್ಚು. ನಾಚಿಕಿ ಅಂತಾರು, ಅನ್ಲಿ. ಹೊಸಾ ಚಪ್ಪಲಿ ಮಾತ್ರ ಬ್ಯಾಡ, ಮಳೀ ರಾಡ್ಯಾಗ ಅರ್ಧ ತಾಸಿಗೆ ಕಾಲು ಕಚ್ಚತೈತಿ.


ಹಳೇ ಪುಟ, 13 ಮೇ 2025

ಚರ್ಚೆ ಚೆನ್ನಾಗಿದೆ. ಇಸವಿಗಳನ್ನಷ್ಟೇ ಸೇರಿಸುತ್ತೇನೆ. ತುಕಾರಾಮರ ಕಾಲ ಸಾಮಾನ್ಯವಾಗಿ 1608ರಿಂದ 1650 ಎಂದು ಹೇಳುತ್ತಾರೆ. ಜನ್ಮವರ್ಷದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೇಲೆ ಹೇಳಿದ ಬರ 1630ರ ಆಸುಪಾಸಿನ ದಖ್ಖನಿನ ಮಹಾ ಕ್ಷಾಮ. ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಪಂಢರಪುರಕ್ಕೆ ಒಯ್ಯುವ ಪದ್ಧತಿಯನ್ನು ಅವರ ಕಿರಿಯ ಮಗ ನಾರಾಯಣ ಮಹಾರಾಜರು 1685ರಲ್ಲಿ ಆರಂಭಿಸಿದರು. ಆಗ ದೇಹುವಿನಿಂದ ಹೊರಟು ಆಳಂದಿಗೆ ಹೋಗಿ, ಎರಡೂ ಸಂತರ ಪಾದುಕೆಗಳನ್ನು ಜೊತೆಯಾಗಿಯೇ ಒಯ್ಯುತ್ತಿದ್ದರು. ಆಳಂದಿಯದು ಬೇರೆಯಾಗಿದ್ದು 19ನೇ ಶತಮಾನದಲ್ಲಿ, ಹೈಬತರಾವ್ ಬಾಬಾ ಆರ್ಫಳಕರರಿಂದ. ಅಂಕಲಿಯ ಕುದುರೆಗಳ ಸಂಬಂಧ ಶುರುವಾಗುವುದೂ ಅವರ ಕಾಲಕ್ಕೇ.

ವಹಿಗಳು ನೀರಿನಿಂದ ತೇಲಿ ಬಂದದ್ದನ್ನು ಪವಾಡವೆಂದು ನಂಬದವರು, ಜನರ ಬಾಯಲ್ಲಿದ್ದ ಅಭಂಗಗಳನ್ನು ಮತ್ತೆ ಬರೆದುಕೊಂಡರು ಎನ್ನುತ್ತಾರೆ. ನನಗೆ ಅದು ಸಣ್ಣ ಪವಾಡ ಎನಿಸುವುದಿಲ್ಲ. ಬಹಿಣಾಬಾಯಿ ಎಂಬ ಬ್ರಾಹ್ಮಣ ಹೆಣ್ಣುಮಗಳು ಅದೇ ಊರಿಗೆ ಬಂದು ತುಕಾರಾಮರನ್ನು ಗುರುವೆಂದು ಒಪ್ಪಿ, ತನ್ನ ಬಾಳನ್ನು ತಾನೇ ಅಭಂಗಗಳಲ್ಲಿ ಬರೆದಿಟ್ಟಳು. ದೇಹುವಿನಲ್ಲಿ ಆಕೆಯನ್ನೂ ನೆನೆಯಿರಿ.

ದೇಹು ರೋಡ್‌ನಲ್ಲಿ ಇಳಿದಾಗ ಅರ್ಧ ಗಂಟೆ ಉಳಿದರೆ ಅಲ್ಲಿನ ಬುದ್ಧ ವಿಹಾರ ನೋಡಿ. 1954ರ ಡಿಸೆಂಬರ್ 25ರಂದು ಅಂಬೇಡ್ಕರ್ ಅವರೇ ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಜಾಗ.


ಕೋಟೆನಾಡಿನವ, 15 ಜೂನ್ 2025, ರಾತ್ರಿ

ಲಿಂಬಿ ಅಣ್ಣ, ಅರ್ಜೆಂಟ್. ಇವತ್ತು ಮಧ್ಯಾಹ್ನ ಪುಣೆಗೆ ಬಂದಿಳಿದ್ವಿ. ರೂಮಿಗೆ ಬಂದು ಟಿವಿ ಹಾಕಿದ್ರೆ ಇಂದ್ರಾಯಣಿ ಸೇತುವೆ ಕುಸೀತು, ಜನ ಸತ್ತಿದಾರೆ ಅಂತ. ಅಮ್ಮ ಮಾತಾಡ್ತಿಲ್ಲ. ದೇಹು ಸೇತುವೇನಾ ಅದು?


ಇಂಡಿ ಲಿಂಬಿ, 15 ಜೂನ್ 2025, ರಾತ್ರಿ

ಅಲ್ರಿ, ಅಲ್ಲ. ಅದು ಕುಂಡಮಳಾ, ತಳೇಗಾಂವ ಕಡೆ. ಹೊಳಿ ಅದಽ, ಜಾಗಾ ಬ್ಯಾರೆ, ದೇಹುಕ್ಕಿಂತ ಮ್ಯಾಲಿನ ಹರವಿಗೆ ಬರತದ. ಹಳೇ ಕಬ್ಬಿಣದ ಸಣ್ಣ ಸೇತುವೆ. ರವಿವಾರ, ಮಳಿ ನೋಡಾಕ ಬಂದ ಮಂದಿ ಒಮ್ಮೆಲೇ ಅದರ ಮ್ಯಾಲ ನಿಂತಾರ. ನಾಕು ಮಂದಿ ಹೋದ್ರು ಅಂತ ಸುದ್ದಿ, ಭಾಳ ಕೆಟ್ಟ ಅನಸತು. ಪಾಲಕಿ ಹಾದಿಗೆ ಅದು ಬರಂಗಿಲ್ಲ. ಆದ್ರೂ ಹೇಳತೀನಿ, ಘಾಟಿನ್ಯಾಗ ಕಡೀ ಪಾವಟಿಗೆಗೆ ಇಳಿಸಬ್ಯಾಡ್ರಿ. ತಂಬಗಿಲೆ ನೀರು ತಗೊಂಡು ತಲೀಗೆ ಪ್ರೋಕ್ಷಣಿ ಮಾಡ್ರಿ ಸಾಕು. ಕುಡೀಲಾಕ ಅಂತೂ ಬ್ಯಾಡ, ಹೊಳಿ ಮೊದಲಿನಂಗ ಉಳದಿಲ್ಲ. ಅವ್ವಾರಿಗೆ ಊಟ ಮಾಡಿಸ್ರಿ. ನಾಳಿ ಆರಾಮ ತಗೊಳ್ರಿ, ಮಂಗಳವಾರ ಹೋಗ್ರಿ.


ಕೋಟೆನಾಡಿನವ, 23 ಜೂನ್ 2025

ಊರಿಗೆ ಬಂದು ಎರಡು ದಿನ ಆಯ್ತು. ಬಟ್ಟೆ ಇನ್ನೂ ಒಣಗಿಲ್ಲ, ಅಲ್ಲೀ ಮಳೆ ಹಾಗಿತ್ತು. ಎಲ್ಲರಿಗೂ ಲೆಕ್ಕ ಒಪ್ಪಿಸಬೇಕಲ್ಲ, ಬರೀತೀನಿ.

ಅಕ್ಕ ಹೇಳಿದ ಹಾಗೆ ಅಮ್ಮನ್ನೇ ಕೇಳಿದೆ. "ಎರಡೂ" ಅಂದ್ರು. ಕೊನೆಗೆ 17ಕ್ಕೆ ಊರು, 18 ರೂಮಲ್ಲಿ, 19ಕ್ಕೆ ದರ್ಗಾ ಅಂತ ರಾಜಿ ಆಯ್ತು. ರೂಮಿನ ವಿಷಯ ಕೇಳಬೇಡಿ. ಫೋನಲ್ಲಿ ಕೆಳಗಿನ ಮಹಡಿ ಅಂತ ಹೇಳಿ ದುಡ್ಡು ಹಾಕಿಸಿಕೊಂಡಿದ್ರು, ಹೋದ್ರೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನ ಮಂಡಿ ಸವೆದಿದ್ದು ವಾರಿಯಲ್ಲಲ್ಲ, ಆ ಮೆಟ್ಟಿಲಲ್ಲಿ.

17ರ ಬೆಳಗ್ಗೆ ದೇಹು. ಲಿಂಬಿ ಅಣ್ಣ ಹೇಳಿದ್ದೆಲ್ಲ ಕಣ್ಣಿಗೆ ಬಿತ್ತು. ಲಾರಿಗಳು, ಹಂಡೆ, ಒದ್ದೆ ಧೋತ್ರ. ತುಳಸಿಕಟ್ಟೆ ತಲೆ ಮೇಲೆ ಹೊರೋ ಹೆಂಗಸರು ಸಿಂಬೆ ಸುತ್ತಿಕೊಳ್ತಾ ಕೂತಿದ್ರು. ಅಮ್ಮ ಅದರಲ್ಲಿ ಒಬ್ಬರ ಸಿಂಬೆ ಸರಿ ಇಲ್ಲ ಅಂತ ಕೈಯಿಂದ ಕಿತ್ತುಕೊಂಡು ತಾವೇ ಸುತ್ತಿಕೊಟ್ರು. ಭಾಷೆ? ಒಂದು ಮಾತೂ ಬೇಕಾಗಲಿಲ್ಲ. ಶಿಲಾ ಮಂದಿರದಲ್ಲಿ ಕತೆ ಮತ್ತೆ ಹೇಳಿದೆ, ಹದಿಮೂರು ದಿನ ಅನ್ನ ನೀರಿಲ್ಲದೆ ಕೂತಿದ್ದು. ಕಲ್ಲಿಗೆ ಕೈ ಮುಗಿದು ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದ್ರು: "ಅಷ್ಟು ದಿನ ಮನೇಲಿ ಒಲೆ ಹಚ್ಚಿದ್ಳೇನೋ ಆವಲಿ?"

ಅಲ್ಲಿಂದ ಮುಂದೆ ಅವರಿಗೆ ಆವಲಿ ಚಿಂತೆನೇ. ಭಂಡಾರಾ ಗುಡ್ಡಕ್ಕೆ ಆಟೋದಲ್ಲಿ ಹತ್ತುವಾಗ ತಿರುವಿಗೊಂದು ಸಲ "ಇಲ್ಲೀ ತನಕ ಹತ್ತುತ್ತಿದ್ಳಾ? ಇನ್ನೂ ಮೇಲಾ? ಬುತ್ತಿ ಹೊತ್ಕೊಂಡಾ?" ಮೇಲೆ ಮೋಡ ಮುಚ್ಚಿ ಊರೇ ಕಾಣ್ತಿರಲಿಲ್ಲ. ಗವಿ ಹತ್ತಿರ ಅಮ್ಮ ಇಳಿಯಲಿಲ್ಲ, ಜಾರುತ್ತೆ ಅಂತ. ಹೊಸ ಗುಡಿಯ ಕಂಬದ ಕೆಲಸ ನೋಡ್ತಾ ನಿಂತಿದ್ದೆ, ಅಮ್ಮ ಆಟೋ ಪಕ್ಕ ನಿಂತು ಚೀಲದಿಂದ ಅವಲಕ್ಕಿ ತೆಗೆದು ಡ್ರೈವರ್‌ಗೆ ಕೊಡ್ತಿದ್ರು. ಇವರೂ ಬುತ್ತಿ ಹೊತ್ತುಕೊಂಡೇ ಬಂದಿದ್ರು!

ಗಾಥಾ ಮಂದಿರದ ವಿಷಯ ಹೇಳ್ಲೇಬೇಕು. ದೇವನಾಗರಿ ನನಗೆ ಓದೋಕೆ ಬರುತ್ತೆ, ಅರ್ಥ ಆಗಲ್ಲ. "ಕಾನಡೀ" ಅನ್ನೋ ಪದ ಹುಡುಕ್ತಾ ಗೋಡೆ ಗೋಡೆ ನೋಡಿದೆ, ಒಂದು ಗಂಟೆ. ಅಷ್ಟರಲ್ಲಿ ಆ ಕಡೆ ತುದಿಯಿಂದ ಅಮ್ಮ ಗಟ್ಟಿಯಾಗಿ "ಲೋ, ಇಲ್ಲಿ ಬಾರೋ!" ಅಂದ್ರು. ಇವರಿಗೇ ಸಿಕ್ಕಿಬಿಡ್ತಾ ಅಂತ ಓಡಿದೆ. ಸಿಕ್ಕಿದ್ದು ಫ್ಯಾನು. ಅದರ ಕೆಳಗೆ ಕಾಲು ಚಾಚಿ ಕೂತು ನನಗೂ ಜಾಗ ಹಿಡಿದಿದ್ರು. ಅಭಂಗ ನನಗೂ ಸಿಗಲಿಲ್ಲ ಅಣ್ಣ, ಐದನೇ ಸಲ ನೀವೇ ನೋಡಿ.

19ರ ಬೆಳಗ್ಗೆ ದರ್ಗಾ ಹತ್ತಿರ ಸ್ಟೂಲ್ ಹಾಕಿ ಕೂರಿಸಿದೆ. ಸೆರಗಲ್ಲಿ ಚೀಟಿ ಇತ್ತು, ಮೊದಲು ಬೈದ್ರು, ಆಮೇಲೆ ಪಕ್ಕದವರಿಗೆಲ್ಲ ತೋರಿಸ್ತಿದ್ರು. ಮೊದಲು ದಿಂಡಿಗಳು ಬಂದ್ವು. ವೀಣೆ ಹಿಡಿದವರು, ಗೆರುವಾ ಪತಾಕೆ, ತಾಳ. ಆಮೇಲೆ ಪಲ್ಲಕ್ಕಿ. ದರ್ಗಾ ಮುಂದೆ ಪಲ್ಲಕ್ಕಿ ನಿಂತು ಅಭಂಗ ಹೇಳಿದಾಗ ಗದ್ದಲ ಹಾಗೇ ತಗ್ಗಿತು. ಅಕ್ಕ, ನೀವು ಹೇಳಿದ ತಾಳದ ಸಪ್ಪಳ ಆರತಿ ಆದ ಮೇಲೆ ಕೇಳಿಸ್ತು. 18ರದ್ದು ಹೇಗಿರುತ್ತೋ ಗೊತ್ತಿಲ್ಲ, ನಮಗೆ ಇದೇ ಜಾಸ್ತಿ.

ಅಲ್ಲಿಂದ ವಾಪಸ್ ರೂಮು ಅಂತ ಮಾತಾಗಿತ್ತು. ನಾನು ಸ್ಟೂಲ್ ಮಡಚಿ ತಿರುಗಿದ್ರೆ ಅಮ್ಮ ಇಲ್ಲ. ಇಪ್ಪತ್ತು ಹೆಜ್ಜೆ ಮುಂದೆ, ಸಿಂಬೆ ಹೆಂಗಸರ ದಿಂಡಿ ಜೊತೆ. ಅವರಲ್ಲೊಬ್ಬರು ಅಮ್ಮನ ಕೈ ಹಿಡಿದಿದ್ರು, ತುಳಸಿಕಟ್ಟೆ ಅಮ್ಮನ ತಲೆ ಮೇಲೆ. ಕೂಗಿದೆ, ತಿರುಗಿ ನೋಡಲಿಲ್ಲ. ಒಂದು ಕಿಲೋಮೀಟರ್ ಅಂತ ನಾನೇ ಇಲ್ಲಿ ಬರೆದಿದ್ದೆ. ಪಲ್ಲಕ್ಕಿ ದಾರೀಲೇ ಮುಂದೆ ಸಿಗೋ ಚಿಂಚೋಲಿ ಪಾದುಕಾ ಗುಡಿ ತನಕ ನಡೆದ್ರು. ಅದು ಎಷ್ಟು ಕಿಲೋಮೀಟರ್ ಅಂತ ನೋಡೋಕೆ ಫೋನು ತೆಗೀಲಿಲ್ಲ, ನಾನೂ ನಡೀತಿದ್ದೆ.

ಆಕುರ್ಡಿ ಟೇಬಲ್‌ಗೆ ಬರೋಕೆ ಆಗಲಿಲ್ಲ ಅಣ್ಣ, ಕ್ಷಮಿಸಿ. ಸಂಜೆ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ರು.


ಕೃಷ್ಣಾತೀರ, 23 ಜೂನ್ 2025

ತುಳಸಿಕಟ್ಟಿ ಹೊರಿಸ್ಯಾರಂದ್ರ ಆ ದಿಂಡಿಯವರು ಅವ್ವಾರನ್ನ ಬಿಡೂದಿಲ್ಲ, ಬರೂ ವರ್ಷ ಹುಡುಕತಾರು. ಫೋನ್ ನಂಬರ್ ಬ್ಯಾರೆ ಸೆರಗಿಗೆ ಹಚ್ಚಿ ಕೊಟ್ಟೀ. ಮಂಡಿ ಈಗ ಹೆಂಗೈತಿ?


ಕೋಟೆನಾಡಿನವ, 24 ಜೂನ್ 2025

ಬಾವು ಇಳಿದಿದೆ ಅಕ್ಕ. ನಿನ್ನೆ ರಾತ್ರಿ ಒಂದು ಫೋನ್ ಬಂತು, ಮರಾಠಿ. ಪಲ್ಲಕ್ಕಿ ದಾರಿಯ ಊರು ಲೋಣಿ ಕಾಳಭೋರ್ ಅನ್ನೋದೊಂದೇ ತಿಳೀತು ನನಗೆ. ಅಮ್ಮ ಫೋನ್ ಕಿತ್ತುಕೊಂಡು ಕನ್ನಡದಲ್ಲೇ ಹತ್ತು ನಿಮಿಷ ಮಾತಾಡಿದ್ರು. ಏನು ಅಂದ್ರೆ, "ಸಿಂಬೆ ಚೆನ್ನಾಗಿ ನಿಂತಿದೆಯಂತೆ" ಅಂತಾರೆ.


ಇಂಡಿ ಲಿಂಬಿ, 24 ಜೂನ್ 2025

ಬರೂ ವರ್ಷ ಜ್ಯೇಷ್ಠ ಅಧಿಕ ಮಾಸ ಬರತದ್ರಿ, ಪಾಲಕಿ ಜುಲೈಕ್ಕ ಸರೀತದ. ರಜಾ ಈಗಽ ಬರದು ಇಡ್ರಿ. ರೂಮು ಬ್ಯಾಡ, ನಮ್ಮಲ್ಲೇ ಇಳೀರಿ, ತಳಮಜಲಿನ ಮನಿ.